ರಾಷ್ಟ್ರಗಳ ನಡುವೆ ಇರುವುದು ಅರಾಜಕತೆ ಎಂದಾದರೆ ಸಿಂಧೂ ಒಪ್ಪಂದ ಅಷ್ಟು ವರ್ಷ ಉಳಿದದ್ದು ಹೇಗೆ?

ಪ್ರಶ್ನೆ: ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯಶಾಸ್ತ್ರ ಎಂ.ಎ. ಎರಡನೇ ಸೆಮಿಸ್ಟರಿನಲ್ಲಿದ್ದೇನೆ. ಪದವಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಾದ್ದರಿಂದ, ಅಂತರರಾಷ್ಟ್ರೀಯ ರಾಜಕಾರಣದ ಪತ್ರಿಕೆಗೆ ಇಂಗ್ಲಿಷ್ ಪುಸ್ತಕಗಳನ್ನು ಓದಿ ಟಿಪ್ಪಣಿಯನ್ನು ಕನ್ನಡದಲ್ಲೇ ಮಾಡಿಕೊಳ್ಳುತ್ತೇನೆ. ಸಿದ್ಧಾಂತಗಳ ಭಾಗದ ಮೊದಲ ಪುಟದಲ್ಲೇ ಒಂದು ತೊಡಕು ಎದುರಾಗಿದ್ದು, ಅದನ್ನು ಬಿಡಿಸಿಕೊಳ್ಳದೆ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ.

ಬಲ ಮತ್ತು ಭದ್ರತೆಯೇ ಮುಖ್ಯ ಎನ್ನುವ ವಾಸ್ತವವಾದಿಗಳಿರಲಿ, ಸಂಸ್ಥೆಗಳಿಂದ ಸಹಕಾರ ಸಾಧ್ಯ ಎನ್ನುವ ಉದಾರವಾದಿಗಳಿರಲಿ, ರಾಷ್ಟ್ರಗಳ ಪರಸ್ಪರ ತಿಳಿವಳಿಕೆಯೇ ಮುಖ್ಯ ಎನ್ನುವ ಸಂರಚನಾವಾದಿಗಳಿರಲಿ, ಎಲ್ಲರೂ ರಾಷ್ಟ್ರಗಳ ನಡುವಿನ ವ್ಯವಸ್ಥೆ 'ಅನಾರ್ಕಿ'ಯದ್ದು ಎಂಬಲ್ಲಿಂದಲೇ ಮಾತು ಆರಂಭಿಸುತ್ತಾರೆ. ನಿಘಂಟು ನೋಡಿ 'ಅರಾಜಕತೆ' ಎಂದು ಬರೆದುಕೊಂಡೆ. ಆದರೆ ನಮ್ಮ ದಿನಪತ್ರಿಕೆಗಳಲ್ಲಿ ಅರಾಜಕತೆ ಎಂದರೆ ಕಲ್ಲುತೂರಾಟ, ಬಸ್ಸಿಗೆ ಬೆಂಕಿ, ಹೇಳುವವರು ಕೇಳುವವರು ಇಲ್ಲದ ಊರು. ಜಗತ್ತು ಹಾಗಿದೆ ಎನ್ನುವುದಾದರೆ, ಇಲ್ಲಿನ ಅಂಚೆ ಕಚೇರಿಯಲ್ಲಿ ಚೀಟಿ ಅಂಟಿಸಿ ಕೊಟ್ಟ ಲಕೋಟೆ ಜರ್ಮನಿಯಲ್ಲಿರುವ ನಮ್ಮಕ್ಕನ ಮನೆಗೆ ತಲುಪುವುದು ಹೇಗೆ? ಅಲ್ಲಿಯ ಅಂಚೆಯವರು ಭಾರತದ ಚೀಟಿಯನ್ನು ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಉದಾಹರಣೆ ಸಿಂಧೂ ಜಲ ಒಪ್ಪಂದ. 1960ರಲ್ಲಿ ಸಹಿಯಾದ ಆ ಒಪ್ಪಂದ 1965, 1971 ಮತ್ತು 1999ರ ಕದನಗಳನ್ನು ದಾಟಿ ಉಳಿಯಿತು. ಇತ್ತ ಕಾವೇರಿಯ ವಿಷಯದಲ್ಲಿ ಒಂದೇ ದೇಶ, ಒಂದೇ ಸಂವಿಧಾನ, ಮೇಲೆ ಸುಪ್ರೀಂ ಕೋರ್ಟ್ ಎಲ್ಲವೂ ಇದ್ದೂ 1991ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಗಲಭೆಯಾಯಿತು. ಹಾಗಾದರೆ ಅರಾಜಕವಾದದ್ದು ಯಾವುದು, ಸಿಂಧೂವೋ ಕಾವೇರಿಯೋ? ನಾನು ಪದವನ್ನು ತಪ್ಪಾಗಿ ಅರ್ಥಮಾಡಿಕೊಂಡಿದ್ದೇನೆಯೇ ಅಥವಾ ಸಿದ್ಧಾಂತವೇ ಎಡವಿದೆಯೇ, ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.


ಪ್ರತಿಕ್ರಿಯೆ 1: ನಿವೃತ್ತ ಪ್ರಾಧ್ಯಾಪಕ, ಮೈಸೂರು

ಮೊದಲ ಪುಟದಲ್ಲೇ ನಿಂತು ಕೇಳಿದ್ದು ಬಹಳ ಒಳ್ಳೆಯದಾಯಿತು. ಮೂವತ್ತು ವರ್ಷ ಈ ಪತ್ರಿಕೆಯನ್ನು ಪಾಠ ಮಾಡಿದವನಾಗಿ ಹೇಳುತ್ತೇನೆ, ಉತ್ತರಪತ್ರಿಕೆಗಳಲ್ಲಿ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ಪದದಿಂದಲೇ ಹುಟ್ಟಿದವು.

ಪದವನ್ನು ಒಡೆದು ನೋಡಿ. 'ಅರಾಜಕ' ಎಂದರೆ ಅರಸನಿಲ್ಲದ್ದು. ಇಂಗ್ಲಿಷಿನ ಪದದ ಗ್ರೀಕ್ ಮೂಲಕ್ಕೂ ಆಳುವವನಿಲ್ಲದ್ದು ಎಂಬುದೇ ಅರ್ಥ. ಅರಸನಿಲ್ಲದಿದ್ದರೆ ಊರು ಹಾಳಾಗುತ್ತದೆ ಎಂಬ ನಂಬಿಕೆ ಹಿಂದೆ ಗಟ್ಟಿಯಾಗಿದ್ದುದರಿಂದ, ಕಾಲಕ್ರಮದಲ್ಲಿ ಕಾರಣದ ಹೆಸರೇ ಪರಿಣಾಮಕ್ಕೂ ಅಂಟಿಕೊಂಡಿತು. ನಮ್ಮ ಶಾಸ್ತ್ರದಲ್ಲಿ ಪದವನ್ನು ಬಳಸುವುದು ಹಳೆಯ ಅರ್ಥದಲ್ಲಿ. ಸಾರ್ವಭೌಮ ರಾಷ್ಟ್ರಗಳ ಮೇಲೆ, ಆಜ್ಞೆ ಮಾಡಿ ಅದನ್ನು ಬಲದಿಂದ ಪಾಲಿಸುವಂತೆ ಮಾಡಬಲ್ಲ ಇನ್ನೊಂದು ಅಧಿಕಾರ ಇಲ್ಲ ಎಂಬಷ್ಟೇ ಅದರ ತಾತ್ಪರ್ಯ. ಅಲ್ಲಿ ಗದ್ದಲವಿದೆಯೋ ಶಾಂತಿಯಿದೆಯೋ ಎಂಬ ಪ್ರಶ್ನೆಗೆ ಆ ಪದ ಉತ್ತರ ಹೇಳುವುದಿಲ್ಲ.

ಇದನ್ನು ಖಚಿತವಾದ ಸಿದ್ಧಾಂತವಾಗಿ ಕಟ್ಟಿದವರು ವಾಸ್ತವವಾದಿ ಕೆನೆತ್ ವಾಲ್ಟ್ಸ್. ಯುದ್ಧದ ಕಾರಣವನ್ನು ಮನುಷ್ಯನ ಸ್ವಭಾವದಲ್ಲಿ ಹುಡುಕಬೇಕೇ, ರಾಷ್ಟ್ರದ ಒಳರಚನೆಯಲ್ಲಿ ಹುಡುಕಬೇಕೇ, ರಾಷ್ಟ್ರಗಳೆಲ್ಲ ಸೇರಿ ಆಗಿರುವ ವ್ಯವಸ್ಥೆಯಲ್ಲಿ ಹುಡುಕಬೇಕೇ ಎಂದು 1959ರ ಪುಸ್ತಕದಲ್ಲಿ ಮೂರು ನೆಲೆಗಳನ್ನು ಬೇರ್ಪಡಿಸಿ, 1979ರ ಪುಸ್ತಕದಲ್ಲಿ ಮೂರನೆಯ ನೆಲೆಯನ್ನೇ ಹಿಡಿದು ನಿಂತರು. ಅವರಿಗಿಂತ ಹಿಂದಿನ ಹಾನ್ಸ್ ಮಾರ್ಗೆಂಥೌ 1948ರಲ್ಲಿ ಅಧಿಕಾರದ ಹಂಬಲವನ್ನು ಮನುಷ್ಯ ಸ್ವಭಾವದಲ್ಲೇ ಕಂಡಿದ್ದರು. ವಾಲ್ಟ್ಸ್ ಪ್ರಕಾರ, ಆಳುವವರು ಸಜ್ಜನರೋ ದುರ್ಜನರೋ ಎಂಬುದರಿಂದ ಆಟದ ಸ್ವರೂಪ ಬದಲಾಗುವುದಿಲ್ಲ. ಮೇಲೆ ಯಾರೂ ಇಲ್ಲವಾದ್ದರಿಂದ ಪ್ರತಿಯೊಂದು ರಾಷ್ಟ್ರವೂ ತನ್ನ ಉಳಿವನ್ನು ತಾನೇ ನೋಡಿಕೊಳ್ಳಬೇಕಾಗುತ್ತದೆ. ಇದನ್ನು ಕೆಲವರು 'ಸ್ವಸಹಾಯ' ಎಂದು ಅನುವಾದಿಸುತ್ತಾರೆ. ಕರ್ನಾಟಕದಲ್ಲಿ ಆ ಪದ ಕೇಳಿದೊಡನೆ ಮಹಿಳಾ ಸಂಘಗಳ ನೆನಪಾಗುವುದರಿಂದ 'ಆತ್ಮರಕ್ಷಣೆಯ ಹೊಣೆ' ಎಂದು ಬಿಡಿಸಿ ಬರೆಯುವುದನ್ನೇ ನಾನು ಇಷ್ಟಪಡುತ್ತೇನೆ.

ಇದರಿಂದ ಹುಟ್ಟುವುದೇ 'ಭದ್ರತಾ ಇಕ್ಕಟ್ಟು'. ಜಾನ್ ಹರ್ಟ್ಸ್ 1950ರಲ್ಲಿ ಈ ಹೆಸರು ಕೊಟ್ಟರು. ರಾಬರ್ಟ್ ಜರ್ವಿಸ್ 1978ರಲ್ಲಿ ಅದನ್ನು ವಿಸ್ತರಿಸಿದರು. ನನ್ನ ರಕ್ಷಣೆಗೆಂದು ನಾನು ಮಾಡಿಕೊಂಡ ಸಿದ್ಧತೆ ನೆರೆಯವನ ಕಣ್ಣಿಗೆ ದಾಳಿಯ ಸಿದ್ಧತೆಯಾಗಿ ಕಾಣುತ್ತದೆ, ಅವನೂ ಸಿದ್ಧನಾಗುತ್ತಾನೆ, ಕೊನೆಗೆ ಇಬ್ಬರ ಖರ್ಚೂ ಭಯವೂ ಹೆಚ್ಚಿ ಭದ್ರತೆ ಮಾತ್ರ ಮೊದಲಿಗಿಂತ ಕಡಿಮೆಯಾಗಿರುತ್ತದೆ.

ಇದಕ್ಕೆ ನಿಮ್ಮ ಜಿಲ್ಲೆಯವರಿಗೆ ಮನಮುಟ್ಟುವ ಉದಾಹರಣೆ ಸಿಯಾಚಿನ್. 1972ರ ಸಿಮ್ಲಾ ಒಪ್ಪಂದದ ನಂತರ ಗುರುತಿಸಿದ ನಿಯಂತ್ರಣ ರೇಖೆ ಎನ್‌ಜೆ 9842 ಎಂಬ ಬಿಂದುವಿನಲ್ಲಿ ನಿಂತುಬಿಡುತ್ತದೆ. ಅದರಾಚೆಗೆ ರೇಖೆ ಹೇಗೆ ಸಾಗಬೇಕೆಂಬುದಕ್ಕೆ 1949ರ ಕರಾಚಿ ಒಪ್ಪಂದದಲ್ಲಿದ್ದ 'ಅಲ್ಲಿಂದ ಉತ್ತರಕ್ಕೆ ಹಿಮನದಿಗಳತ್ತ' ಎಂಬ ಮಾತೇ ಉಳಿಯಿತು. ಯಾರೂ ವಾಸಿಸದ ಆ ಹಿಮದ ಮೇಲೆ ಗೆರೆ ಎಳೆಯುವ ಅಗತ್ಯ ಆಗ ಯಾರಿಗೂ ಕಾಣಲಿಲ್ಲ. ಎದುರಿನವರು ಮೊದಲು ಹತ್ತಿಬಿಟ್ಟರೆ ಎಂಬ ಆತಂಕ ಎರಡೂ ಕಡೆ ಬೆಳೆಯಿತು. 1984ರ ಏಪ್ರಿಲ್ 13ರಂದು ಭಾರತದ ಸೇನೆ ಮೊದಲು ಹತ್ತಿತು. 2003ರ ನವೆಂಬರಿನಿಂದ ಅಲ್ಲಿ ಕದನ ವಿರಾಮವಿದೆ, ಆದರೆ ಇಬ್ಬರೂ ಇಳಿದು ಬಂದಿಲ್ಲ. 2016ರ ಫೆಬ್ರವರಿ 3ರಂದು ಸೋನಮ್ ಠಾಣೆಯ ಮೇಲೆ ಹಿಮ ಕುಸಿದಾಗ ಹತ್ತು ಯೋಧರು ಹುದುಗಿಹೋದರು. ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕಿ, ದೆಹಲಿಯ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ಕೊನೆಯುಸಿರೆಳೆದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ಆ ವಾರ ಇಡೀ ಕರ್ನಾಟಕ ಅವರಿಗಾಗಿ ಪ್ರಾರ್ಥಿಸಿತು.

ಗುಂಡಿಗಿಂತ ಹಿಮವೇ ಹೆಚ್ಚು ಜೀವ ತೆಗೆಯುವ ಆ ಜಾಗದಿಂದ ಇಬ್ಬರೂ ಒಟ್ಟಿಗೆ ಕೆಳಗಿಳಿದರೆ ಇಬ್ಬರಿಗೂ ಲಾಭ ಎಂಬುದು ಎರಡೂ ರಾಜಧಾನಿಗಳಿಗೆ ಗೊತ್ತಿದೆ. 1989ರಲ್ಲಿ ಮಾತುಕತೆ ಆ ದಿಕ್ಕಿನಲ್ಲಿ ಸಾಗಿತ್ತು ಕೂಡ. ಸದ್ಯ ಯಾರ ಪಡೆ ಎಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ದಾಖಲಿಸಿ ದೃಢೀಕರಿಸಬೇಕೆಂದು ಭಾರತ ಕೇಳುತ್ತದೆ, ಪಾಕಿಸ್ತಾನ ಒಪ್ಪುವುದಿಲ್ಲ. ಭಾರತ ಹಾಗೆ ಕೇಳುವುದೇಕೆ? ನಾವು ಇಳಿದ ಮೇಲೆ ಅವರು ಹತ್ತಿದರೆ ದೂರು ಕೊಡಲು ಠಾಣೆಯಿಲ್ಲ, ತಡೆಯಾಜ್ಞೆ ತರಲು ನ್ಯಾಯಾಲಯವಿಲ್ಲ. ಸಿದ್ಧಾಂತದ ಪುಸ್ತಕ ಅರಾಜಕ ಸ್ಥಿತಿ ಎಂದು ಕರೆಯುವುದು ಈ ಇಲ್ಲದಿರುವಿಕೆಯನ್ನು. ಸಿಯಾಚಿನ್ ಬಹುಪಾಲು ದಿನ ನಿಶ್ಶಬ್ದವಾಗಿರುತ್ತದೆ. ಅರಾಜಕ ಸ್ಥಿತಿಯ ಒತ್ತಡವನ್ನು ಅದರಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಜಾಗ ನನಗೆ ಕಂಡಿಲ್ಲ.

ಬಲ ಸಮತೋಲನ, ಎರಡು ಧ್ರುವಗಳ ಮತ್ತು ಹಲವು ಧ್ರುವಗಳ ವ್ಯವಸ್ಥೆ, ರಕ್ಷಣಾತ್ಮಕ ಮತ್ತು ಆಕ್ರಮಣಶೀಲ ವಾಸ್ತವವಾದಗಳ ಭಿನ್ನಮತ ಇವೆಲ್ಲ ಈ ಬೇರಿನಿಂದ ಒಡೆದ ಕೊಂಬೆಗಳು. ಬೇರು ಹಿಡಿತಕ್ಕೆ ಬಂದರೆ ಅವು ತಾವಾಗಿ ತಿಳಿಯುತ್ತವೆ.


ಪ್ರತಿಕ್ರಿಯೆ 2: ನಿವೃತ್ತ ನೀರಾವರಿ ಎಂಜಿನಿಯರ್, ಮಂಡ್ಯ

ನಾನು ರಾಜ್ಯಶಾಸ್ತ್ರದವನಲ್ಲ. ಆದರೆ ಪ್ರಶ್ನೆಯಲ್ಲಿ ಎರಡು ನದಿಗಳ ಹೆಸರಿದೆ. ಒಂದರ ನೀರಿನ ಲೆಕ್ಕದಲ್ಲೇ ನನ್ನ ಸೇವಾವಧಿ ಕಳೆಯಿತು, ಇನ್ನೊಂದರ ಒಪ್ಪಂದವನ್ನು ಆಸಕ್ತಿಯಿಂದ ಓದಿದ್ದೇನೆ.

ಕಾವೇರಿ ನ್ಯಾಯಮಂಡಳಿ 1991ರ ಜೂನ್ 25ರಂದು, ವರ್ಷಕ್ಕೆ 205 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರನ್ನು ತಮಿಳುನಾಡಿಗೆ ದೊರಕಿಸಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಕರ್ನಾಟಕ ಅದನ್ನು ಪಾಲಿಸಲಾಗದೆಂದು ಒಂದು ತಿಂಗಳ ಒಳಗೆ ಸುಗ್ರೀವಾಜ್ಞೆ ಹೊರಡಿಸಿತು. ರಾಷ್ಟ್ರಪತಿಗಳು ವಿಷಯವನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟರು. ನವೆಂಬರಿನಲ್ಲಿ ಕೋರ್ಟು ಸುಗ್ರೀವಾಜ್ಞೆ ಸಂವಿಧಾನಬಾಹಿರ ಎಂದಿತು. ಡಿಸೆಂಬರಿನಲ್ಲಿ ಆದೇಶ ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾಯಿತು. ಗಲಭೆ ನಡೆದದ್ದು ಆಮೇಲೆ. ಅಂದರೆ 'ಇಲ್ಲ' ಎನ್ನುವ ಹಕ್ಕು ನಮಗಿಲ್ಲ ಎಂದು ಹೇಳಬಲ್ಲವರು ಮೇಲೆ ಇದ್ದರು, ಹೇಳಿದರು. ಅದರ ನೋವು ಬೀದಿಗೆ ಬಂತು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಅದೇ ಕೋರ್ಟು ನಮ್ಮ ಪಾಲಿಗೆ 14.75 ಟಿಎಂಸಿ ಸೇರಿಸಿ 284.75 ಮಾಡಿತು, ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವ ಗಡಿಯ ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದ ನೀರನ್ನು 192ರಿಂದ 177.25ಕ್ಕೆ ಇಳಿಸಿತು. ಆಗ ನಾವೆಲ್ಲ ಅದೇ ಪೀಠವನ್ನು ಹೊಗಳಿದೆವು. ಪ್ರಾಧ್ಯಾಪಕರ ಮಾತಿನಂತೆ ನೋಡಿದರೆ ಕಾವೇರಿ ಗದ್ದಲವಿದ್ದರೂ ಅರಾಜಕವಲ್ಲದ ವ್ಯವಸ್ಥೆ.

ಈಗ ಸಿಂಧೂ. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ಸಹಿ ಹಾಕಿದ ಒಪ್ಪಂದ ನೀರನ್ನು ಹಂಚಿತು ಎನ್ನುವುದಕ್ಕಿಂತ ನದಿಗಳನ್ನು ಪಾಲು ಮಾಡಿತು ಎನ್ನುವುದು ಸರಿ. ಪೂರ್ವದ ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಪಶ್ಚಿಮದ ಸಿಂಧೂ, ಝೇಲಂ, ಚಿನಾಬ್ ಮುಖ್ಯವಾಗಿ ಪಾಕಿಸ್ತಾನಕ್ಕೆ. ಕಾವೇರಿಯಲ್ಲಿ ಒಂದೇ ಹೊಳೆಯ ನೀರನ್ನು ತಿಂಗಳು ತಿಂಗಳು ಅಳೆದು ಬಿಡಬೇಕು. ಮಳೆ ಕೈಕೊಟ್ಟ ವರ್ಷ ಯಾರಿಗೆ ಎಷ್ಟು ಕಡಿಮೆ ಎಂಬ ಜಗಳ ಏಳಲೇಬೇಕು. ಸಿಂಧೂವಿನಲ್ಲಿ ಆಸ್ತಿ ಭಾಗವಾದ ಅಣ್ಣತಮ್ಮಂದಿರಂತೆ ಆಚೆ ಹೊಲದ ಗೊಡವೆ ಇಬ್ಬರಿಗೂ ಕಡಿಮೆ.

ಇನ್ನೊಂದು ಲೆಕ್ಕವನ್ನು ಗಮನಿಸಿ. ಪಶ್ಚಿಮದ ನದಿಗಳ ಮೇಲೆ ಭಾರತ ಕಟ್ಟಿಕೊಳ್ಳಬಹುದಾದ ಸಂಗ್ರಹಕ್ಕೆ ಒಪ್ಪಂದದಲ್ಲಿ 36 ಲಕ್ಷ ಎಕರೆ ಅಡಿಯ ಮಿತಿಯಿದೆ. ನಮ್ಮ ಅಳತೆಯಲ್ಲಿ ಅದು ಸುಮಾರು 157 ಟಿಎಂಸಿ, ಮೂರು ಕನ್ನಂಬಾಡಿ ಕಟ್ಟೆಗಿಂತ ತುಸು ಹೆಚ್ಚು. ಆ ಮೂರು ನದಿಗಳಲ್ಲಿ ವರ್ಷಕ್ಕೆ ಹರಿಯುವುದು ಸುಮಾರು 13.5 ಕೋಟಿ ಎಕರೆ ಅಡಿ, ಅಂದರೆ 5,800 ಟಿಎಂಸಿಗೂ ಮೇಲೆ. ನೂರಕ್ಕೆ ಮೂರರಷ್ಟೂ ಹಿಡಿದಿಡಲಾಗದ ಸ್ಥಿತಿಯಲ್ಲಿ ಬೇಸಿಗೆಯ ಕೆಲವು ದಿನ ತೊಂದರೆ ಕೊಡಬಹುದೇ ಹೊರತು, ಮುಂಗಾರಿನ ಹೊಳೆಯನ್ನು ತಡೆದು ನಿಲ್ಲಿಸುವುದು ಆಗದ ಮಾತು. ಒಪ್ಪಂದ ಯುದ್ಧಗಳನ್ನು ದಾಟಿ ಉಳಿದದ್ದಕ್ಕೆ ಸದ್ಭಾವನೆಯ ಜೊತೆಗೆ ಈ ಭೂಗೋಳವೂ ಕಾರಣ ಎಂದು ನನ್ನ ಅನಿಸಿಕೆ.


ಪ್ರತಿಕ್ರಿಯೆ 3: ಸಂಸ್ಕೃತ ಅಧ್ಯಾಪಕಿ, ಉಡುಪಿ

ಒಂದು ಸಣ್ಣ ಸೇರ್ಪಡೆ. 'ಅನಾರ್ಕಿ'ಗೆ ಕೆಲವರು 'ಮತ್ಸ್ಯನ್ಯಾಯ' ಎಂಬ ಪದ ಬಳಸಿ ಕೌಟಿಲ್ಯನ ಹೆಸರು ಹೇಳುತ್ತಾರೆ. ಅರ್ಥಶಾಸ್ತ್ರದಲ್ಲಿ ಆ ಪದ ಬರುವುದು ರಾಜ್ಯದೊಳಗಿನ ಸ್ಥಿತಿಯನ್ನು ಹೇಳಲು: ದಂಡವನ್ನು, ಅಂದರೆ ಶಿಕ್ಷಿಸುವ ಅಧಿಕಾರವನ್ನು, ಬಳಸದೆ ಹೋದರೆ ಬಲವುಳ್ಳವನು ದುರ್ಬಲನನ್ನು ನುಂಗುತ್ತಾನೆ, ಆ ಕಷ್ಟ ತಾಳಲಾರದೆ ಪ್ರಜೆಗಳು ಮನುವನ್ನು ಅರಸನನ್ನಾಗಿ ಮಾಡಿಕೊಂಡರು ಎಂಬ ಸಂದರ್ಭದಲ್ಲಿ. ರಾಜ್ಯ ರಾಜ್ಯಗಳ ನಡುವಿನ ನಡೆಗೆ ಕೌಟಿಲ್ಯನಲ್ಲಿ ಬೇರೆಯದೇ ಪರಿಭಾಷೆಯಿದೆ. ಗೆಲ್ಲಬಯಸುವ ಅರಸನಾದ ವಿಜಿಗೀಷುವನ್ನು ನಡುವಿನಲ್ಲಿಟ್ಟು, ಗಡಿಗೆ ತಾಗಿದವನನ್ನು ಅರಿ ಎಂದೂ, ಅವನಾಚೆಯವನನ್ನು ಮಿತ್ರ ಎಂದೂ ಗುರುತಿಸುತ್ತಾ ಹೋಗುವ ಹನ್ನೆರಡು ಅರಸರ ಮಂಡಲ. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ಗುಣಗಳು. ಇಲ್ಲಿ ಜಗಳವೊಂದೇ ಇಲ್ಲ. ಸಂಧಿ ಮಾಡಿಕೊಳ್ಳುವುದೂ, ಸುಮ್ಮನೆ ಕೂರುವುದೂ, ಬಲವುಳ್ಳವನ ಆಶ್ರಯ ಪಡೆಯುವುದೂ ಇವೆ. ಎಲ್ಲರ ಮೇಲೆ ಒಬ್ಬನಿಲ್ಲದ ಮಂಡಲದಲ್ಲೂ ನಡೆಗೆ ಕ್ರಮವಿದೆ ಎಂಬ ತಿಳಿವಳಿಕೆ ಈ ಆರು ಪದಗಳಲ್ಲೇ ಅಡಗಿದೆ. ಕೈತಪ್ಪಿ ಹೋಗಿದ್ದ ಈ ಗ್ರಂಥ ಆಧುನಿಕ ಓದುಗರಿಗೆ ಮತ್ತೆ ದೊರೆತದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಆರ್. ಶಾಮಾಶಾಸ್ತ್ರಿಗಳ ಕೈಯಲ್ಲಿ. 1909ರಲ್ಲಿ ಅವರು ಮೂಲವನ್ನು ಪ್ರಕಟಿಸಿದರು. ಕನ್ನಡದಲ್ಲಿ ಈ ಶಾಸ್ತ್ರ ಓದುವವರು ಮಂಡಲದ ಅಧ್ಯಾಯವನ್ನು ಬಿಡಬಾರದು.


ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹನುಮಂತಪ್ಪ ಅವರ ಹೆಸರು ಓದಿ ಸ್ವಲ್ಪ ಹೊತ್ತು ಮುಂದೆ ಓದಲಾಗಲಿಲ್ಲ; ಆ ದಿನಗಳಲ್ಲಿ ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ಬಳಿಕ ಅವರಿಗಾಗಿ ಮೌನವಾಗಿ ನಿಂತಿದ್ದೆವು. ಅದನ್ನು ಸಿದ್ಧಾಂತದ ಪುಟಕ್ಕೆ ಜೋಡಿಸಿ ನೋಡಬಹುದೆಂದು ನನಗೆ ಹೊಳೆದಿರಲಿಲ್ಲ.

ಪದದ ಗೊಂದಲ ಬಗೆಹರಿಯಿತು. ಈಗ ಇನ್ನೊಂದು ಸಂದೇಹ. ಪಹಲ್ಗಾಮ್ ದಾಳಿಯ ಮರುದಿನ, 2025ರ ಏಪ್ರಿಲ್ 23ರಂದು, ಭಾರತ ಸಿಂಧೂ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಎಂಜಿನಿಯರ್ ಸರ್ ಹೇಳಿದ ಭೂಗೋಳ, ಪ್ರಾಧ್ಯಾಪಕರು ಹೇಳಿದ ವಾಲ್ಟ್ಸ್, ಎರಡನ್ನೂ ಸೇರಿಸಿದರೆ ವಾಸ್ತವವಾದ ಗೆದ್ದಂತೆಯೇ ಅಲ್ಲವೇ? ಉದಾರವಾದಿಗಳಿಗೆ ಹೇಳಲು ಏನು ಉಳಿಯಿತು?


ಪ್ರತಿಕ್ರಿಯೆ 4: ಸಂಶೋಧನಾ ವಿದ್ಯಾರ್ಥಿ, ದೆಹಲಿ (ಮೂಲ ಊರು ಶಿವಮೊಗ್ಗ)

ಅಮಾನತಿನ ಪ್ರಸಂಗ ಪ್ರಾಧ್ಯಾಪಕರ ವಿವರಣೆಗೆ ಪುಷ್ಟಿ ಕೊಡುತ್ತದೆ ಎಂಬುದು ನಿಜ. ಒಪ್ಪಂದದ 12ನೇ ವಿಧಿಯ ಪ್ರಕಾರ, ಎರಡೂ ಸರ್ಕಾರಗಳು ಇನ್ನೊಂದು ಒಪ್ಪಂದಕ್ಕೆ ಅನುಮೋದನೆ ಕೊಟ್ಟು ಕೊನೆಗೊಳಿಸುವವರೆಗೆ ಇದು ಜಾರಿಯಲ್ಲಿರುತ್ತದೆ. ಅಮಾನತು ಎಂಬ ಪದ ಅದರಲ್ಲಿಲ್ಲ. ಭಾರತದ ನಿರ್ಧಾರದಿಂದ ತನ್ನ ಅಧಿಕಾರವ್ಯಾಪ್ತಿಗೆ ಧಕ್ಕೆಯಾಗದು ಎಂದು ಮಧ್ಯಸ್ಥಿಕೆ ನ್ಯಾಯಮಂಡಳಿಯೊಂದು 2025ರ ಜೂನ್‌ನಲ್ಲಿ ಹೇಳಿತು. ಆ ಮಂಡಳಿಯ ರಚನೆಯನ್ನೇ ಒಪ್ಪದ ಭಾರತ ಅದನ್ನು ತಿರಸ್ಕರಿಸಿತು. 1991ರ ಕರ್ನಾಟಕದ ಸುಗ್ರೀವಾಜ್ಞೆಯ ಗತಿಯನ್ನು ಇದರ ಪಕ್ಕದಲ್ಲಿಡಿ. ಎರಡು ಕಡೆಯೂ ಮೇಲ್ದಂಡೆಯವರು 'ಒಪ್ಪುವುದಿಲ್ಲ' ಎಂದರು. ಒಂದು ಕಡೆ ಆ ಮಾತನ್ನು ರದ್ದು ಮಾಡುವವರಿದ್ದರು, ಇನ್ನೊಂದು ಕಡೆ ಇರಲಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಸಿಗದು.

ಆದರೆ ವಾಸ್ತವವಾದ ಗೆದ್ದಿತು ಎಂದು ಬರೆಯುವ ಮುನ್ನ ಅರವತ್ತೈದಕ್ಕೆ ಹತ್ತಿರದ ವರ್ಷಗಳ ಲೆಕ್ಕ ಕೊಡಬೇಕಾಗುತ್ತದೆ. ಉದಾರವಾದಿ ಪಂಥದ ರಾಬರ್ಟ್ ಕಿಯೋಹೇನ್ 1984ರಲ್ಲಿ ಮಂಡಿಸಿದ ವಾದ ಅಲ್ಲಿ ಉಪಯೋಗಕ್ಕೆ ಬರುತ್ತದೆ. ರಾಷ್ಟ್ರಗಳು ಸ್ವಾರ್ಥಿಗಳು, ಮೇಲೆ ಯಾರೂ ಇಲ್ಲ ಎಂಬ ವಾಸ್ತವವಾದಿಗಳ ಎರಡೂ ಮಾತುಗಳನ್ನು ಒಪ್ಪಿಕೊಂಡೇ ಅವರು ಹೊರಡುತ್ತಾರೆ. ಸಂಸ್ಥೆಗಳು ಪೊಲೀಸರ ಕೆಲಸ ಮಾಡುವುದಿಲ್ಲ, ಮಾಹಿತಿ ಕೊಡುತ್ತವೆ, ಅನುಮಾನ ತಗ್ಗಿಸುತ್ತವೆ, ನಾಳೆಯೂ ಇದೇ ಮುಖಗಳು ಎದುರಾಗುತ್ತವೆ ಎಂಬ ಎಚ್ಚರವನ್ನು ಉಳಿಸುತ್ತವೆ ಎಂಬುದು ಅವರ ಸಾರ. ಸಿಂಧೂ ಒಪ್ಪಂದದ ಒಳಗೆ ಇದು ಕಾಣುತ್ತದೆ. ಎರಡೂ ಕಡೆ ಒಬ್ಬೊಬ್ಬ ಕಮಿಷನರ್, ವರ್ಷಕ್ಕೊಮ್ಮೆಯಾದರೂ ಸರದಿಯಂತೆ ಭಾರತದಲ್ಲೂ ಪಾಕಿಸ್ತಾನದಲ್ಲೂ ಸಭೆ, ಪ್ರತಿದಿನದ ನೀರಿನ ಮಟ್ಟ ಮತ್ತು ಹರಿವಿನ ಅಂಕಿಗಳನ್ನು ತಿಂಗಳಿಗೊಮ್ಮೆ ಪರಸ್ಪರ ಕಳಿಸುವ ಕಟ್ಟಳೆ. ಜಗಳಕ್ಕೂ ಮೆಟ್ಟಿಲುಗಳಿವೆ: ಮೊದಲು ಅದು 'ಪ್ರಶ್ನೆ', ಕಮಿಷನರುಗಳು ಬಗೆಹರಿಸಬೇಕು, ಆಗದಿದ್ದರೆ 'ಭಿನ್ನಾಭಿಪ್ರಾಯ', ತಟಸ್ಥ ತಜ್ಞರ ಬಳಿಗೆ, ಅಲ್ಲಿಗೂ ನಿಲ್ಲದಿದ್ದರೆ 'ವಿವಾದ', ಮಧ್ಯಸ್ಥಿಕೆಗೆ. ಬಗ್ಲಿಹಾರ್ ಅಣೆಕಟ್ಟಿನ ತಕರಾರು 2007ರಲ್ಲಿ ತಟಸ್ಥ ತಜ್ಞರಿಂದ ತೀರ್ಮಾನವಾಯಿತು, ಕಿಶನ್‌ಗಂಗಾ ಜಲವಿದ್ಯುತ್ ಯೋಜನೆಯದು 2013ರಲ್ಲಿ ಮಧ್ಯಸ್ಥಿಕೆಯಲ್ಲಿ. ಎರಡು ಸಲವೂ ಯಾರನ್ನೂ ಬಲವಂತಪಡಿಸಬಲ್ಲ ಶಕ್ತಿ ಆ ತಜ್ಞರಿಗಿರಲಿಲ್ಲ, ಆದರೂ ತೀರ್ಮಾನ ನಡೆಯಿತು. ಇದರ ಜೊತೆಗೆ ವಿಶ್ವಬ್ಯಾಂಕಿನ ಮಧ್ಯಸ್ಥಿಕೆಯಿತ್ತು, ಹಣವಿತ್ತು. ಪಾಕಿಸ್ತಾನದ ಬದಲಿ ಕಾಲುವೆಗಳಿಗೆ ಭಾರತವೇ ಸುಮಾರು 6.2 ಕೋಟಿ ಪೌಂಡ್ ಹಣವನ್ನು ಹತ್ತು ವಾರ್ಷಿಕ ಕಂತುಗಳಲ್ಲಿ ಕೊಡಲು ಒಪ್ಪಿತ್ತು. ಎಂಜಿನಿಯರ್ ಸರ್ ಹೇಳಿದ ಭೂಗೋಳ, ನೀರು ಯಾಕೆ ನಿಲ್ಲಲಿಲ್ಲ ಎಂಬುದನ್ನು ವಿವರಿಸುತ್ತದೆ; ಶತ್ರುಗಳಾದ ಇಬ್ಬರು ಅಂಕಿಗಳ ಹಾಳೆಯನ್ನು ಹತ್ತಾರು ವರ್ಷ ಒಬ್ಬರಿಗೊಬ್ಬರು ಯಾಕೆ ಕಳಿಸಿದರು ಎಂಬುದನ್ನು ಅದು ವಿವರಿಸುವುದಿಲ್ಲ.

ನಿಮ್ಮ ಅಕ್ಕನ ಲಕೋಟೆಯೂ ಇದೇ ದಾರಿಯದು. 1874ರಲ್ಲಿ ಬರ್ನ್ ನಗರದಲ್ಲಿ ಹುಟ್ಟಿದ ಅಂಚೆ ಒಕ್ಕೂಟಕ್ಕೆ ಭಾರತ 1876ರಲ್ಲೇ ಸೇರಿತು. ತಲುಪಿಸುವ ದೇಶಕ್ಕೆ ಕಳಿಸುವ ದೇಶ ಎಷ್ಟು ಕೊಡಬೇಕು ಎಂಬ ದರದ ಮೇಲೆ ಅಮೆರಿಕ ಸಿಟ್ಟಾಗಿ ಒಕ್ಕೂಟ ಬಿಡುವುದಾಗಿ ನೋಟಿಸು ಕೊಟ್ಟಿತ್ತು. 2019ರ ಸೆಪ್ಟೆಂಬರಿನ ವಿಶೇಷ ಅಧಿವೇಶನದಲ್ಲಿ ದರದ ನಿಯಮ ಬದಲಾದ ಮೇಲೆ ಉಳಿಯಿತು. ಬಲವುಳ್ಳವರು ನಿಯಮವನ್ನು ಬಗ್ಗಿಸಿಕೊಂಡರು ಎಂದು ವಾಸ್ತವವಾದಿ ಹೇಳಬಹುದು, ಅಷ್ಟು ಬಲವಿದ್ದೂ ಹೊರಗೆ ಹೋಗಲಾಗಲಿಲ್ಲ ಎಂದು ಉದಾರವಾದಿ ಹೇಳಬಹುದು. ಎರಡೂ ಸತ್ಯ.

ಮೂರನೆಯ ಪಂಥವಾದ ಸಂರಚನಾವಾದವನ್ನು ಇನ್ನೂ ಯಾರೂ ಮಾತಾಡಿಸಿಲ್ಲ. ಅರಾಜಕ ಸ್ಥಿತಿ ಎಂಬುದು ರಾಷ್ಟ್ರಗಳು ಅದನ್ನು ಏನನ್ನಾಗಿ ಮಾಡಿಕೊಳ್ಳುತ್ತವೆಯೋ ಅದೇ ಎಂಬುದು 1992ರಲ್ಲಿ ಅಲೆಕ್ಸಾಂಡರ್ ವೆಂಟ್ ಮಂಡಿಸಿದ ವಾದ. ಬ್ರಿಟನ್ನಿನ 500 ಅಣ್ವಸ್ತ್ರಗಳಿಗಿಂತ ಉತ್ತರ ಕೊರಿಯಾದ 5 ಅಣ್ವಸ್ತ್ರಗಳು ಅಮೆರಿಕವನ್ನು ಹೆಚ್ಚು ಹೆದರಿಸುತ್ತವೆ ಎಂಬುದು ಅವರ ಹೆಸರಾಂತ ಉದಾಹರಣೆ. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಭಾರತ ಮತ್ತು ನೇಪಾಳದ ಮೇಲೆಯೂ ಯಾವ ಅರಸನಿಲ್ಲ, ಭಾರತ ಮತ್ತು ಪಾಕಿಸ್ತಾನದ ಮೇಲೆಯೂ ಇಲ್ಲ. ಮೊದಲ ಗಡಿಯಲ್ಲಿ 1,700 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ವೀಸಾ ಇಲ್ಲದೆ ಜನ ಓಡಾಡುತ್ತಾರೆ, ಎರಡನೆಯದರಲ್ಲಿ ಮುಳ್ಳುತಂತಿ ಮತ್ತು ರಾತ್ರಿಯಿಡೀ ಉರಿಯುವ ದೀಪಗಳು. ಮೇಲೊಬ್ಬರಿಲ್ಲ ಎಂಬ ಒಂದೇ ಸಂಗತಿ ಎರಡು ಗಡಿಗಳನ್ನು ಇಷ್ಟು ಬೇರೆಯಾಗಿ ಮಾಡಲಾರದು. ಒಬ್ಬರನ್ನೊಬ್ಬರು ಏನೆಂದು ತಿಳಿದುಕೊಂಡಿದ್ದಾರೆ ಎಂಬುದನ್ನೂ ಕೇಳಬೇಕಾಗುತ್ತದೆ.

ಅದಕ್ಕೂ ಸೂಕ್ಷ್ಮವಾದ ಒಂದು ಉದಾಹರಣೆ ಪ್ರತಿ ಜನವರಿ 1ರಂದು ನಡೆಯುತ್ತದೆ. ಪರಮಾಣು ಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂದು ಭಾರತ ಮತ್ತು ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಒಪ್ಪಂದ ಮಾಡಿಕೊಂಡವು. ಅದರಂತೆ 1992ರಿಂದ ವರ್ಷದ ಮೊದಲ ದಿನ ದೆಹಲಿಯಲ್ಲೂ ಇಸ್ಲಾಮಾಬಾದಿನಲ್ಲೂ ಏಕಕಾಲಕ್ಕೆ ಸ್ಥಾವರಗಳ ಪಟ್ಟಿಯನ್ನು ರಾಜತಾಂತ್ರಿಕರ ಮೂಲಕ ಕೈಬದಲಿಸಿಕೊಳ್ಳುತ್ತಾರೆ. 2002ರ ಜನವರಿ 1ನ್ನು ನೆನಪಿಸಿಕೊಳ್ಳಿ. ಸಂಸತ್ತಿನ ಮೇಲೆ ದಾಳಿಯಾಗಿ ಮೂರು ವಾರ ಕಳೆದಿರಲಿಲ್ಲ, ಲಕ್ಷಾಂತರ ಸೈನಿಕರು ಗಡಿಯತ್ತ ಸಾಗುತ್ತಿದ್ದರು, ಪಾಕಿಸ್ತಾನದ ವಿಮಾನಗಳಿಗೆ ಭಾರತದ ಆಕಾಶ ಮುಚ್ಚಿದ್ದೂ ಅದೇ ದಿನ. ಅಂದೂ ಪಟ್ಟಿ ಕೈಬದಲಾಯಿತು. ನಿಮ್ಮ ಅತ್ಯಂತ ಅಪಾಯಕಾರಿ ಜಾಗಗಳು ಎಲ್ಲಿವೆ ಎಂದು ಶತ್ರುವಿಗೆ ನೀವೇ ಬರೆದು ಕೊಡುವ ಈ ನಡೆಯನ್ನು ಭಯ ಮತ್ತು ಲಾಭದ ಲೆಕ್ಕ ಎಷ್ಟು ದೂರ ವಿವರಿಸೀತು ಎಂಬುದನ್ನು ನಾನು ನನ್ನ ಪ್ರಬಂಧಕ್ಕಾಗಿ ಇನ್ನೂ ಹುಡುಕುತ್ತಿದ್ದೇನೆ. ಶತ್ರುಗಳ ನಡುವೆಯೂ ಇಂಥದ್ದನ್ನು ಮಾಡಬಾರದು ಎಂಬ ಒಂದು ಎಲ್ಲೆ ಎರಡೂ ಕಡೆ ಮನಸ್ಸಿನಲ್ಲಿ ಊರಿದೆ ಎಂಬುದರತ್ತ ನನ್ನ ಒಲವು.


ಪ್ರತಿಕ್ರಿಯೆ 5: ನಿವೃತ್ತ ಪ್ರಾಧ್ಯಾಪಕ, ಮೈಸೂರು

ಜನವರಿಯ ಪಟ್ಟಿಯ ಉದಾಹರಣೆಯನ್ನು ನಾನು ತರಗತಿಯಲ್ಲಿ ಎಂದೂ ಬಳಸಿರಲಿಲ್ಲ. ಬಳಸಬೇಕಿತ್ತು ಎಂದು ಈಗ ಅನಿಸುತ್ತಿದೆ. ಅದು ಇನ್ನೊಬ್ಬರನ್ನು ನೆನಪಿಗೆ ತರುತ್ತದೆ, ಹೆಡ್ಲಿ ಬುಲ್. 1977ರ ತಮ್ಮ ಪುಸ್ತಕಕ್ಕೆ ಅವರು ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ 'ಅರಾಜಕ ಸಮಾಜ' ಎಂದಾಗುತ್ತದೆ. ಅರಸನಿಲ್ಲ, ಆದರೂ ಅದೊಂದು ಸಮಾಜ. ರಾಯಭಾರಿಯನ್ನು ಮುಟ್ಟಬಾರದು, ಕೊಟ್ಟ ಮಾತು ಸಾಮಾನ್ಯವಾಗಿ ಉಳಿಯಬೇಕು ಎಂಬ ರೂಢಿಗಳು ಅಲ್ಲಿ ಬೇರೂರಿವೆ ಎಂಬುದು ಅವರ ವಿಚಾರ. ನಿಮ್ಮ ಮೊದಲ ಪ್ರಶ್ನೆಯಲ್ಲಿದ್ದ ಲಕೋಟೆಯೂ ಒಪ್ಪಂದವೂ ಹೊಂದಿಕೊಳ್ಳುವ ಮನೆ ಬಹುಶಃ ಅದೇ.

ಯಾವ ಸಿದ್ಧಾಂತ ಗೆದ್ದಿತು ಎಂದು ಕೇಳಿದ್ದೀರಿ. ಪರೀಕ್ಷೆಯಲ್ಲಿ ಆ ರೀತಿ ಬರೆಯಬೇಡಿ. ಸಿಂಧೂವಿನಲ್ಲಿ 1960ರಲ್ಲಿ ನದಿಗಳನ್ನು ಏಕೆ ಪಾಲು ಮಾಡಿದರು ಎಂದು ಪ್ರಶ್ನೆ ಬಂದರೆ ವಾಲ್ಟ್ಸ್ ಮತ್ತು ಜರ್ವಿಸ್ ಹೆಚ್ಚು ಕೆಲಸಕ್ಕೆ ಬರುತ್ತಾರೆ: ನೆರೆಯವನ ಮೇಲಿನ ಅವಲಂಬನೆಯನ್ನು ಆದಷ್ಟು ತಗ್ಗಿಸಿಕೊಳ್ಳುವುದು ಅವರು ಹೇಳುವ ನಡೆಯೇ. 1948ರ ಏಪ್ರಿಲ್‌ನಲ್ಲಿ ಪೂರ್ವ ಪಂಜಾಬ್ ಕಾಲುವೆಗಳ ನೀರನ್ನು ನಿಲ್ಲಿಸಿದ್ದರ ಭಯ ಆ ಪಾಲಿನ ಹಿಂದಿತ್ತು. ಒಪ್ಪಂದ ಅಷ್ಟು ವರ್ಷ ಏಕೆ ನಡೆಯಿತು ಎಂದರೆ ಕಿಯೋಹೇನ್. 2025ರಲ್ಲಿ ಅದು ನಿಂತಾಗ ತಡೆಯುವವರು ಏಕೆ ಇರಲಿಲ್ಲ ಎಂದರೆ ಮತ್ತೆ ವಾಲ್ಟ್ಸ್. ನೀರಿನ ಒಪ್ಪಂದ ನಿಂತರೂ ಬೇರೆ ಕೆಲವು ಕಟ್ಟಳೆಗಳನ್ನು ಇಬ್ಬರೂ ಏಕೆ ಮುರಿಯುವುದಿಲ್ಲ ಎಂದರೆ ವೆಂಟ್ ಮತ್ತು ಬುಲ್. ಕೇಳಿದ ಪ್ರಶ್ನೆ ಯಾವುದು ಎಂಬುದನ್ನು ಮೊದಲು ಒಂದು ವಾಕ್ಯದಲ್ಲಿ ಬರೆದುಕೊಂಡು ಆಮೇಲೆ ಸಿದ್ಧಾಂತವನ್ನು ಕರೆಯಿರಿ.

ಟಿಪ್ಪಣಿಯ ಪದದ ಬಗ್ಗೆ ನನ್ನ ಸಲಹೆ: 'ಅರಾಜಕತೆ'ಯನ್ನು ಗಲಭೆಗೆ ಬಿಟ್ಟುಕೊಟ್ಟು, ಶಾಸ್ತ್ರದ ಅರ್ಥ ಬೇಕಾದಲ್ಲಿ 'ಅರಾಜಕ ಸ್ಥಿತಿ' ಎಂದು ಬರೆಯಿರಿ. ಮೊದಲ ಸಲ ಬಳಸುವಾಗ 'ಮೇಲಧಿಕಾರವಿಲ್ಲದ ಸ್ಥಿತಿ' ಎಂದು ಪಕ್ಕದಲ್ಲಿ ಬಿಡಿಸಿ ಹೇಳಿ. ವಾಲ್ಟ್ಸ್ ಅವರ 1979ರ ಪುಸ್ತಕದಲ್ಲಿ ಆರನೇ ಅಧ್ಯಾಯವನ್ನು ಮೊದಲು ಓದಿ. ಅರಾಜಕ ವ್ಯವಸ್ಥೆ ಮತ್ತು ಮೇಲಧಿಕಾರವಿರುವ ಶ್ರೇಣೀಕೃತ ವ್ಯವಸ್ಥೆಗಳನ್ನು ಅವರು ಎದುರುಬದುರು ಇಡುವುದು ಅಲ್ಲಿಯೇ. ಓದುವಾಗ ಅಂಚಿನಲ್ಲಿ ಒಂದು ಕಡೆ ಸಿಯಾಚಿನ್, ಇನ್ನೊಂದು ಕಡೆ ಬಿಳಿಗುಂಡ್ಲು ಎಂದು ಬರೆದುಕೊಂಡರೆ ಯಾವ ಸಾಲು ಯಾವುದಕ್ಕೆ ಸಲ್ಲುತ್ತದೆ ಎಂದು ಗುರುತು ಹಾಕುತ್ತಾ ಹೋಗಬಹುದು.